ಮಳೆಗೆ ತಾಲ್ಲೂಕಿಲ್ಲ: ನಕ್ಷೆ ನೋಡುವವರಿಗೊಂದು ಕೈಪಿಡಿ

ಚಿಕ್ಕಮಗಳೂರು ಜಿಲ್ಲೆಯ ಮಳೆ ನಕ್ಷೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಸಾಮಾನ್ಯವಾಗಿ ಕೈಗೆ ಸಿಗುವುದು ತಾಲ್ಲೂಕಿಗೊಂದು ಬಣ್ಣ ಬಳಿದದ್ದು: ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡುನೀಲಿ, ಕಡೂರು ಮಾಸಲು. ನೋಡಲು ಚೆಂದ, ಆದರೆ ಅರ್ಧ ಸುಳ್ಳು. ಚಿಕ್ಕಮಗಳೂರು ಒಂದೇ ತಾಲ್ಲೂಕು ಎಂದರೂ ಬಾಬಾಬುಡನ್‌ಗಿರಿಯ ಪಶ್ಚಿಮದ ತೋಟಗಳಿಗೂ ಲಕ್ಯಾ ಕಡೆಯ ಬಯಲಿಗೂ ಮಳೆಯಲ್ಲಿ ಅಜಗಜಾಂತರ. ಎರಡನ್ನೂ ಕೂಡಿಸಿ ಭಾಗಿಸಿದ ಸರಾಸರಿ ಮಳೆ ಎರಡು ಕಡೆಯೂ ಸುರಿಯುವುದಿಲ್ಲ. ಕಳಸ ಮೊದಲು ಮೂಡಿಗೆರೆಯೊಳಗಿತ್ತು, ಈಗ ಬೇರೆ ತಾಲ್ಲೂಕು. ಗಡಿಗೆರೆ ಸರಿದರೆ ಸಾಕು, ಒಂದು ಹನಿಯೂ ಹೆಚ್ಚುಕಡಿಮೆಯಾಗದೆ ಮೂಡಿಗೆರೆಯ ಬಣ್ಣ ಬದಲಾದೀತು.

ತಪ್ಪು ಬಣ್ಣದ್ದಲ್ಲ. 1826ರಲ್ಲಿ ಫ್ರಾನ್ಸಿನ ಷಾರ್ಲ್ ದ್ಯುಪಾನ್ ತನ್ನ ದೇಶದ ಶಿಕ್ಷಣದ ಸ್ಥಿತಿ ತೋರಿಸಲು ಹೀಗೆ ಪ್ರಾಂತ್ಯಗಳಿಗೆ ಕಪ್ಪುಬಿಳುಪಿನ ಛಾಯೆ ಕೊಟ್ಟ. ಸಾಕ್ಷರತೆ, ಮತದಾನದಂಥ ಆಡಳಿತದ ಲೆಕ್ಕಗಳಿಗೆ ಈ ಬಗೆ ಹೇಳಿ ಮಾಡಿಸಿದ್ದು. ಮಳೆಗೆ ಬೇಕಾದದ್ದು ಸಮಮಳೆ ರೇಖೆ. ಸಮನಾಗಿ ಮಳೆ ಬಿದ್ದ ಜಾಗಗಳನ್ನು ಕೂಡಿಸುವ ಈ ಗೆರೆಗಳು ಘಟ್ಟದ ಅಂಚಿನಲ್ಲಿ ಒತ್ತೊತ್ತಾಗಿ ಬಂದು, ಕಡೂರಿನತ್ತ ಸಡಿಲವಾಗುತ್ತವೆ. ಒತ್ತಾದ ಕಡೆ ಕಣ್ಣು ನಿಲ್ಲಿಸಿ. ಅಲ್ಲಿ ಕೆಲವೇ ಮೈಲಿಗೆ ಹವೆಯೇ ಬೇರೆಯಾಗುತ್ತದೆ.

ಹೂಮಳೆಗೆ ಮಾತ್ರ ಈ ಗೆರೆಯೂ ಒಗ್ಗದು. ಕಾಫಿ ಗಿಡ ಮೊಗ್ಗು ಕಟ್ಟಿ ಕಾಯುವ ಬೇಸಿಗೆಯಲ್ಲಿ ಒಂದು ತೋಟಕ್ಕೆ ಇಂಚು ಬಿದ್ದು ಪಕ್ಕದ್ದು ಒಣಗಿಯೇ ಉಳಿಯುವುದುಂಟು. ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲೇ ಹೇಳುತ್ತಾರೆ. ತೋಟದ ಜಾಗದಲ್ಲಿ ಆ ಅಂಕಿಯನ್ನೇ ಬರೆದ ನಕ್ಷೆ ಪ್ರಾಮಾಣಿಕ. ನಡುವೆ ನುಣುಪಾದ ಗೆರೆ ಎಳೆದವರು ಅಳೆಯದ ಕಡೆಗೂ ಮಳೆ ಸುರಿಸಿದಂತೆ.

ಕಾಫಿಯ ವಿಸ್ತಾರಕ್ಕೆ ಚುಕ್ಕಿ ನಕ್ಷೆ ಲೇಸು: ಒಂದು ಚುಕ್ಕಿ ಇಷ್ಟು ಹೆಕ್ಟೇರ್ ಎಂದು. ಚುಕ್ಕಿ ಎಲ್ಲಿ ಕೂತಿದೆ ಎನ್ನುವುದರಲ್ಲಿದೆ ಕಸುಬು. ಕುದುರೆಮುಖದ ಹುಲ್ಲುಗಾವಲಿನ ಮೇಲೆ ಕಾಫಿಯ ಚುಕ್ಕಿ ಕಂಡರೆ, ಮಾಡಿದವರು ತಾಲ್ಲೂಕಿನ ಲೆಕ್ಕವನ್ನು ಸಮನಾಗಿ ಚೆಲ್ಲಿದ್ದಾರೆ ಎಂದೇ ಅರ್ಥ. ಉಪಗ್ರಹವನ್ನೂ ಪೂರ್ತಿ ನಂಬಬೇಡಿ. ಹಲಸು, ಅತ್ತಿ, ಸಿಲ್ವರ್ ಓಕ್ ನೆರಳಿನ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಕಾಫಿ ಎಲ್ಲಿ ಬೆಳೆದಿದೆ ಎಂದು ಸರಿಯಾಗಿ ಗುರುತಿಸುವುದು ಬರೀ ಚಂದದ ಮಾತಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಪ್ರತ್ಯೇಕ ಭೌಗೋಳಿಕ ಸೂಚಕ ಸಿಕ್ಕಿದೆ. ಕಾಫಿಗೆ ಯಾವ ಹೆಸರು ಸಲ್ಲಬೇಕೆಂಬುದನ್ನು ಈಗ ನಕ್ಷೆಯ ಗೆರೆಯೂ ಹೇಳುತ್ತದೆ.

ನನ್ನ ಮೆಚ್ಚಿನದು ಜಲಾನಯನ ನಕ್ಷೆ. ಅದರಲ್ಲಿ ತಾಲ್ಲೂಕುಗಳೇ ಅಳಿಸಿಹೋಗುತ್ತವೆ. ಕಳಸದ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೃಷ್ಣೆಯತ್ತ ಹೋಗುತ್ತಾಳೆ. ಮೂಡಿಗೆರೆ ಸೀಮೆಯ ಹೇಮಾವತಿ ಕಾವೇರಿಯತ್ತ. ಚಾರ್ಮಾಡಿಯ ಇಳಿಜಾರಿನ ನೀರು ನೇತ್ರಾವತಿಗೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹೀಗೆ ಅಕ್ಕಪಕ್ಕದ ಗುಡ್ಡಗಳಲ್ಲಿ ಬಿದ್ದ ಮಳೆ ಎರಡು ಸಮುದ್ರಗಳ ಪಾಲು. ಇಲ್ಲಿ ಬಣ್ಣ ಮೂರೇ ಸಾಕು, ನಾಲ್ಕನೆಯದು ಅಲಂಕಾರ. ಪಂಚಾಯಿತಿ ಕಚೇರಿಗಳ ಗೋಡೆಯಲ್ಲಿ ಇದೂ ಇರಬೇಕಿತ್ತು ಅನ್ನಿಸುತ್ತದೆ.

ಯಾವುದೇ ನಕ್ಷೆಯಲ್ಲಿ ಮೊದಲು ಮೂಲೆಯ ಸೂಚಿಯನ್ನು ಓದಿ: ಯಾವ ವರ್ಷದ ಲೆಕ್ಕ, ಯಾರು ಅಳೆದದ್ದು, ಒಂದು ಬಣ್ಣ ಯಾವ ಅಂಕಿಗೆ ಮುಗಿದು ಇನ್ನೊಂದು ಎಲ್ಲಿ ಶುರು. ಇವು ಮೂರೂ ಇಲ್ಲದ್ದು ಎಷ್ಟೇ ಅಂದವಾಗಿದ್ದರೂ ಬರೀ ಚಿತ್ರ.