ಕೈಗೆ ಕೆಲಸವಿಲ್ಲದ ಜಾದೂ

ಇಸ್ಪೀಟೆಲೆಯ ಜಾದೂ ಕಲಿಯಹೊರಟವರ ಕೈಗೆ ಬೇಗನೆ ಸಿಗುವ ಪುಸ್ತಕಗಳಲ್ಲಿ ಕಾರ್ಲ್ ಫಲ್ವ್ಸ್ ಬರೆದ ‘ಸೆಲ್ಫ್ ವರ್ಕಿಂಗ್ ಕಾರ್ಡ್ ಟ್ರಿಕ್ಸ್’ ಒಂದು. ಅಮೆರಿಕದ ಡೋವರ್ ಪ್ರಕಾಶನ 1976ರಲ್ಲಿ ಹೊರತಂದ ಈ ತೆಳು ಪುಸ್ತಕದಲ್ಲಿ 72 ಜಾದೂಗಳಿವೆ. ಯಾವುದಕ್ಕೂ ಕೈಚಳಕ ಬೇಡ. ಹೇಳಿದಂತೆ ಜೋಡಿಸಿ, ಹೇಳಿದಷ್ಟು ಎಣಿಸಿ, ಹೇಳಿದ ಕಡೆ ಇಟ್ಟರೆ ಕೊನೆಗೆ ಪವಾಡ ತಾನಾಗಿ ನಡೆದುಹೋಗುತ್ತದೆ. ಎಂಥವರು ಮಾಡಿದರೂ ಕೈಕೊಡದು ಎಂಬ ಭರವಸೆ ಉಪಶೀರ್ಷಿಕೆಯಲ್ಲೇ ಇದೆ. 1984ರಲ್ಲಿ ಬಂದ ಇದರ ಮುಂದುವರಿಕೆ ಇನ್ನೂ 88 ಜಾದೂಗಳನ್ನು ಸೇರಿಸಿತು. ಇವೆರಡಕ್ಕೂ ಮೊದಲೇ, 1950ರಲ್ಲಿ, ಜಾನ್ ಸ್ಕಾರ್ನಿ ಇದೇ ಬಗೆಯ 155 ಜಾದೂಗಳ ದೊಡ್ಡ ಸಂಗ್ರಹ ಕೊಟ್ಟಿದ್ದರು. ಕೈಚಳಕ ಬೇಡವಾದ್ದರಿಂದ ಇವು ಸುಲಭ, ಸುಲಭವಾದ್ದರಿಂದ ಹೊಸಬರಿಗೆ ತಕ್ಕವು ಎಂಬ ಮಾತು ಈ ಪುಸ್ತಕಗಳಿಂದ ಇಂದಿನ ವಿಡಿಯೊ ಪಾಠಗಳವರೆಗೂ ಹರಿದುಬಂದಿದೆ. ಹೊಸಬರಿಗೆ ತಕ್ಕವು ಎಂಬುದನ್ನು ನಾನು ಒಪ್ಪುತ್ತೇನೆ, ಸುಲಭ ಎಂಬುದನ್ನು ಒಪ್ಪುವುದಿಲ್ಲ. ಕೈ ಮಾಡಬೇಕಿದ್ದ ಕೆಲಸವನ್ನು ತೆಗೆದುಹಾಕಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ, ಮಾತಿನ ಮೇಲೆ ಬಂದು ಬೀಳುತ್ತದೆ. ಎಲೆ ಎಣಿಸುವುದಕ್ಕೆ ನೋಡುವವರ ಕಣ್ಣಿಗೆ ಒಂದು ಕಾರಣ ಕಾಣಬೇಕು. ಆ ಕಾರಣ ಹುಡುಕುವುದು ಎರಡನೆಯ ಎಲೆಯನ್ನು ಗುಟ್ಟಾಗಿ ಹಂಚುವುದಕ್ಕಿಂತ ಕಡಿಮೆ ಕಷ್ಟದ್ದೇನಲ್ಲ.

ಎಲ್ಲರಿಗೂ ಗೊತ್ತಿರುವ ಇಪ್ಪತ್ತೊಂದು ಎಲೆಯ ಆಟವನ್ನೇ ತೆಗೆದುಕೊಳ್ಳಿ. ಮೂರು ಸಾಲು, ಸಾಲಿಗೆ ಏಳು ಎಲೆ. ಎದುರಿನವರು ಒಂದೆಲೆ ಮನಸ್ಸಿನಲ್ಲಿಟ್ಟುಕೊಂಡು ಅದು ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳುತ್ತಾರೆ. ಆ ಸಾಲನ್ನು ಉಳಿದೆರಡರ ನಡುವೆ ಸೇರಿಸಿ ಮತ್ತೆ ಹಂಚಬೇಕು. ಮೂರು ಸಲ ಹೀಗಾದ ಮೇಲೆ ನೆನೆದ ಎಲೆ ಹನ್ನೊಂದನೆಯದಾಗಿ ಬಂದು ಕೂರುತ್ತದೆ. ಗಣಿತವಾಗಿ ಇದು ಚೊಕ್ಕಟ. ಮೂರರಲ್ಲಿ ಒಂದು ಎಂಬ ಉತ್ತರವನ್ನು ಮೂರು ಸಲ ಪಡೆದರೆ 27 ಎಲೆಗಳವರೆಗೆ ಯಾವುದನ್ನಾದರೂ ಗುರುತಿಸಬಹುದು. 19ನೇ ಶತಮಾನದ ಆರಂಭದಲ್ಲೇ ಫ್ರಾನ್ಸಿನ ಗಣಿತಜ್ಞ ಜೆರ್ಗೊನ್ ಈ 27 ಎಲೆಯ ರೂಪವನ್ನು ಬಿಡಿಸಿಟ್ಟಿದ್ದರು. ಆದರೆ ಜಾದೂವಾಗಿ ಇದನ್ನು ನೋಡಿ. 63 ಸಲ ಎಲೆ ಕೆಳಗಿಡಬೇಕು, ಮೇಲೆ ಹನ್ನೊಂದರ ಎಣಿಕೆ ಬೇರೆ. ಮೂರು ಸಲ ಪ್ರಶ್ನೆ, ಮೂರು ಸಲ ಉತ್ತರ, ಪ್ರತಿ ಉತ್ತರವೂ ಕಣ್ಣೆದುರೇ ಬಳಕೆಯಾಗುತ್ತದೆ. ಕೊನೆಗೆ ಎಲೆ ಸಿಕ್ಕಾಗ ನೋಡುವವರು ‘ಎಣಿಕೆಯಲ್ಲೇನೋ ಇದೆ’ ಎನ್ನುತ್ತಾರೆ. ಏನಿದೆ ಎಂದು ಅವರಿಗೆ ಗೊತ್ತಿರಬೇಕಾಗಿಲ್ಲ. ಎಲ್ಲಿ ಹುಡುಕಬೇಕೆಂದು ಗೊತ್ತಾಯಿತು, ಅಷ್ಟು ಸಾಕು ಜಾದೂ ಸಾಯುವುದಕ್ಕೆ. ಇಂಥ ಆಟವನ್ನು ಹೊಸಬರಿಗೆ ಮೊದಲ ಪಾಠವಾಗಿ ಕೊಡುವುದೆಂದರೆ, ಎಣಿಸುವುದೇ ಜಾದೂ ಎಂದು ಮೊದಲ ದಿನವೇ ಅವರ ತಲೆಗೆ ತುಂಬಿದಂತೆ.

ಇದಕ್ಕೆ ಎದುರಾಗಿ ಫಲ್ವ್ಸ್ ಅವರದೇ 1984ರ ಸಂಪುಟದಲ್ಲಿರುವ ‘ಜೆಮಿನಿ ಟ್ವಿನ್ಸ್’ ಇದೆ. ಕಟ್ಟಿನ ತಲೆಯಲ್ಲಿ ಕೆಂಪು ಏಳು, ಬುಡದಲ್ಲಿ ಕಪ್ಪು ರಾಜ ಇದೆ ಎನ್ನಿ. ಜಾದೂಗಾರ ಎಲೆಗಳ ಮೇಲೆ ಕಣ್ಣಾಡಿಸಿ ಇವುಗಳ ಜೋಡಿಗಳನ್ನು, ಅಂದರೆ ಇನ್ನೊಂದು ಕೆಂಪು ಏಳನ್ನೂ ಇನ್ನೊಂದು ಕಪ್ಪು ರಾಜನನ್ನೂ ತೆಗೆದು, ‘ಇವು ನನ್ನ ಭವಿಷ್ಯ’ ಎಂದು ಪಕ್ಕಕ್ಕಿಡುತ್ತಾನೆ. ನೋಡುವವರು ಕಟ್ಟನ್ನು ಕೈಗೆತ್ತಿಕೊಂಡು ಒಂದೊಂದೇ ಎಲೆ ಕವುಚಿ ಹಂಚುತ್ತ ಮನಸ್ಸು ಬಂದಲ್ಲಿ ನಿಲ್ಲಿಸುತ್ತಾರೆ. ಹಂಚಿದ ರಾಶಿಯ ಮೇಲೆ ಭವಿಷ್ಯದ ರಾಜನನ್ನು ಮೊಗ ಮೇಲಾಗಿ ಇಟ್ಟು, ಕೈಯಲ್ಲುಳಿದ ಎಲೆಗಳನ್ನು ಅದರ ಮೇಲೆ ಹಾಕುತ್ತಾರೆ. ಎತ್ತಿಕೊಂಡು ಮತ್ತೆ ಹಂಚಿ, ನಿಲ್ಲಿಸಿ, ಏಳನ್ನೂ ಹೀಗೆಯೇ ಇಡುತ್ತಾರೆ. ಕಟ್ಟನ್ನು ಹರಡಿದಾಗ ಮೊಗ ಮೇಲಾದ ಪ್ರತಿ ಎಲೆಗೂ ಅದರ ಅವಳಿ ಅಂಟಿಕೊಂಡಿರುತ್ತದೆ. ಒಳಗೆ ನಡೆಯುವುದಿಷ್ಟೇ: ಉಳಿದ ಎಲೆಗಳನ್ನು ರಾಶಿಯ ಮೇಲೆ ಹಾಕಿದಾಗ ಬುಡದ ರಾಜ ಭವಿಷ್ಯದ ರಾಜನ ಮೇಲೆ ಬಂದು ಕೂರುತ್ತಾನೆ. ಮೊದಲು ಹಂಚಿದ ಏಳು ರಾಶಿಯ ಅಡಿ ಸೇರಿ ಈಗ ಇಡೀ ಕಟ್ಟಿನ ಬುಡವಾಗಿರುತ್ತದೆ, ಎರಡನೇ ಸುತ್ತಿನಲ್ಲಿ ಅದರ ಸರದಿ. ಇಲ್ಲಿಯೂ ಎಲೆ ಹಂಚುವುದಿದೆ, ಆದರೆ ಹಂಚುವುದೇಕೆ ಎಂದು ಯಾರೂ ಕೇಳುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವರೇ ತೀರ್ಮಾನಿಸಬೇಕಲ್ಲ, ಅದಕ್ಕಾಗಿ ಹಂಚುತ್ತಿದ್ದಾರೆ. ಒಳಗುಟ್ಟಿಗೆ ಬೇಕಾದ ಕೆಲಸವೂ ಕಥೆಗೆ ಬೇಕಾದ ಕೆಲಸವೂ ಇಲ್ಲಿ ಒಂದೇ. ತಾನಾಗಿ ನಡೆಯುವ ಜಾದೂವನ್ನು ಅಳೆಯಲು ನಾನು ಬಳಸುವ ಒರೆಗಲ್ಲು ಇದು. ಪಾಲ್ ಕರಿ 1942ರಲ್ಲಿ ಬೆಳಕಿಗೆ ತಂದ ‘ಔಟ್ ಆಫ್ ದಿಸ್ ವರ್ಲ್ಡ್’ ಈ ಒರೆಗೆ ಹಚ್ಚಿದರೆ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ನೋಡುವವರು ಎಲೆಗಳ ಮೊಗ ನೋಡದೆ, ಇದು ಕೆಂಪು, ಇದು ಕಪ್ಪು ಎಂದು ಅನ್ನಿಸಿದಂತೆ ಕಟ್ಟನ್ನೆಲ್ಲ ಬೇರ್ಪಡಿಸುತ್ತಾರೆ, ಒಂದೂ ತಪ್ಪಿರುವುದಿಲ್ಲ. ಅದರ ಗುಟ್ಟು ಇಲ್ಲಿ ಬೇಡ, ಒಳ್ಳೆಯದನ್ನು ನೋಡದವರಿಗೆ ಕೆಡಿಸಬಾರದು.

ಈ ಒರೆಗಲ್ಲಿಗೇ ಸವಾಲು ಹಾಕುವ ಒಂದು ಜಾದೂ ಇದೆ, ‘ಪೋಕರ್ ಪ್ಲೇಯರ್ಸ್ ಪಿಕ್ನಿಕ್’. ನಾಲ್ಕು ಎಕ್ಕಗಳು ಕಟ್ಟಿನ ತಲೆಯಲ್ಲಿರುತ್ತವೆ. ನೋಡುವವರು ಕಟ್ಟನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದೊಂದೇ ಪಾಲನ್ನು ಎತ್ತಿಕೊಂಡು ಮೇಲಿನ ಮೂರು ಎಲೆಗಳನ್ನು ಅಡಿಗೆ ಹಾಕಿ, ಆಮೇಲೆ ಉಳಿದ ಮೂರು ಪಾಲುಗಳ ಮೇಲೆ ಒಂದೊಂದು ಎಲೆ ಹಾಕಬೇಕು. ಎಕ್ಕಗಳಿದ್ದ ಪಾಲಿನ ಸರದಿ ಕೊನೆಗೆ. ಅಷ್ಟರಲ್ಲಿ ಅದರ ಮೇಲೆ ಮೂರು ಬೇರೆ ಎಲೆಗಳು ಬಿದ್ದಿರುತ್ತವೆ. ಆ ಮೂರು ಅಡಿಗೆ ಹೋಗಿ, ಮೂರು ಎಕ್ಕಗಳು ಉಳಿದ ಪಾಲುಗಳ ಮೇಲೆ ಹಂಚಿಹೋಗಿ, ನಾಲ್ಕನೆಯದು ಇದ್ದಲ್ಲೇ ಉಳಿಯುತ್ತದೆ. ಮೂರನ್ನು ಅಡಿಗೆ ಹಾಕುವುದೇಕೆ? ಯಾವ ಕಾರಣವೂ ಇಲ್ಲ. ನನ್ನ ಲೆಕ್ಕದಂತೆ ಇದು ಸೋಲಬೇಕಿತ್ತು, ಆದರೂ ಗೆಲ್ಲುತ್ತದೆ. ಏಕೆಂದು ಯೋಚಿಸಿದರೆ ಒರೆಗಲ್ಲನ್ನು ಕೊಂಚ ತಿದ್ದಬೇಕಾಗುತ್ತದೆ. ಇಪ್ಪತ್ತೊಂದು ಎಲೆಯಲ್ಲಿ ಎಣಿಸುವವನು ಜಾದೂಗಾರ, ಇಲ್ಲಿ ಎಲ್ಲವನ್ನೂ ಮಾಡುವವರು ನೋಡುವವರೇ. ನಾಲ್ಕು ಪಾಲಿನಲ್ಲೂ ಅದೇ ಕೆಲಸ ಮರುಕಳಿಸುವುದರಿಂದ ಅದು ಎಲೆ ಕಲಸುವ ಒಂದು ಬಗೆಯಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಮಾರನೆಯ ದಿನ ಅವರು ಯಾರಿಗಾದರೂ ಹೇಳುವಾಗ ‘ನಾನೇ ಕಲಸಿದೆ, ನಾನೇ ಪಾಲು ಮಾಡಿದೆ’ ಎನ್ನುತ್ತಾರೆ. ಕಾರಣ ಇಲ್ಲದಿದ್ದರೂ ನಡೆಯುತ್ತದೆ, ಆ ಹೆಜ್ಜೆ ನೆನಪಿನಿಂದ ಜಾರಿಹೋಗುವಂತಿದ್ದರೆ. ಆದರೆ ಜಾರಿಸುವುದೂ ಹೇಳಿಕೊಡಬೇಕಾದ ವಿದ್ಯೆಯೇ. ‘ಮೂರು ಅಡಿಗೆ ಹಾಕಿ’ ಎಂಬುದನ್ನು ಸರ್ಕಾರಿ ಆದೇಶದಂತೆ ಓದಿ ಹೇಳಿದರೆ ಅದು ಜಾರುವುದಿಲ್ಲ.

ಕೈಚಳಕವಿಲ್ಲದ್ದು ಜಾದೂವೇ ಅಲ್ಲ, ಬರೀ ಒಗಟು ಎನ್ನುವವರಿದ್ದಾರೆ. ಅವರು ಕೈ ತೋರುವುದು ಹ್ಯೂಗಾರ್ಡ್ ಮತ್ತು ಬ್ರೌವೆ ಸೇರಿ ಬರೆದ ‘ದ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ ಕಡೆಗೆ. 1940ರ ದಶಕದ ಕೊನೆಯ ಈ ಪುಸ್ತಕ ಎಲೆ ಕಲಸುವ ಪಾಠದಿಂದಲೇ ಶುರುವಾಗಿ, ಒಂದೊಂದು ಚಳಕ ಕಲಿಸಿ ಅದರಿಂದ ಮಾಡಬಹುದಾದ ಜಾದೂಗಳನ್ನು ಕೊಡುತ್ತದೆ. ಪಾಠಕ್ರಮವಾಗಿ ಇದು ಫಲ್ವ್ಸ್ ಅವರದಕ್ಕಿಂತ ಎಷ್ಟೋ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೇಲೆ ಹೇಳಿದ ಪಿಕ್ನಿಕ್ ಇರುವುದೂ ಈ ಪುಸ್ತಕದಲ್ಲೇ. ಇನ್ನು ಸ್ಕಾರ್ನಿ ವಿಷಯ. 1973ರ ‘ದ ಸ್ಟಿಂಗ್’ ಚಿತ್ರದಲ್ಲಿ ಪಾಲ್ ನ್ಯೂಮನ್ ಎಲೆಗಳನ್ನು ಆಡಿಸುವಾಗ ಕಾಣುವ ಕೈಗಳು ಇದೇ ಸ್ಕಾರ್ನಿಯವು. ಅಂಥ ಕೈಗಳಿದ್ದವರು ಕೈಚಳಕವನ್ನು ಸಂಪೂರ್ಣ ಬಿಟ್ಟು 155 ಜಾದೂಗಳ ಪುಸ್ತಕ ಮಾಡಿದ್ದು ಕೈಲಾಗದೆ ಅಲ್ಲ. ಚಳಕ ಬಲ್ಲವರಿಗೆ ತಾನಾಗಿ ನಡೆಯುವ ಜಾದೂ ಕೈಗೆ ಸಿಕ್ಕ ಬಿಡುವು, ಎದುರಿನವರ ಮುಖ ನೋಡಲು ಅವರಿಗೆ ಅವಕಾಶವಾಗುತ್ತದೆ. ಹೊಸಬರಿಗೂ ಅದೇ ಬಿಡುವು ಸಿಗುತ್ತದೆ, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಗಣಿತದವರ ಮೆಚ್ಚುಗೆ ಇದಕ್ಕಿಂತ ಸೂಕ್ಷ್ಮವಾದ ತೊಡಕು. ನಾರ್ಮನ್ ಗಿಲ್‌ಬ್ರೆತ್ 1958ರಲ್ಲಿ ಪ್ರಕಟಿಸಿದ ಸೂತ್ರ ನಿಜಕ್ಕೂ ಬೆರಗಿನದು. ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಜೋಡಿಸಿದ ಕಟ್ಟಿನಿಂದ ಅರ್ಧದಷ್ಟನ್ನು ಒಂದೊಂದಾಗಿ ಹಂಚಿ, ಎರಡು ಪಾಲುಗಳ ಅಂಚು ಬಾಗಿಸಿ ಪರಪರನೆ ಒಂದರೊಳಗೊಂದು ಬೀಳುವಂತೆ ಒಮ್ಮೆ ಕಲಸಿದರೆ, ಆಮೇಲೆ ಮೇಲಿನಿಂದ ತೆಗೆಯುವ ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು ಇರುತ್ತದೆ. ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಡೈ ವರ್ನನ್ ಎಂಬ ಮಹಾ ಜಾದೂಗಾರನ ಹಿಂದೆ ಹೋಗಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಪರ್ಸಿ ಡಯಕೋನಿಸ್ ಅವರು ರಾನ್ ಗ್ರಹಾಂ ಜೊತೆ 2011ರಲ್ಲಿ ಬರೆದ ‘ಮ್ಯಾಜಿಕಲ್ ಮ್ಯಾಥಮೆಟಿಕ್ಸ್’ ಈ ಸೂತ್ರದ ಎಳೆ ಹಿಡಿದು ಬಹುದೂರ ಹೋಗುತ್ತದೆ. ಆದರೆ ಸೂತ್ರದ ಸೊಗಸು ಅದನ್ನು ಬಲ್ಲವರಿಗಷ್ಟೇ ಕಾಣುವುದು. ನೋಡುವವರಿಗೆ ಕಾಣಬೇಕಾದ್ದು ‘ನಾನು ಕಲಸಿದ ಮೇಲೂ ಹೀಗಾಯಿತಲ್ಲ’ ಎಂಬ ಬೆರಗು ಮಾತ್ರ. ನಮ್ಮ ಕಡೆ ರಮ್ಮಿ ಆಡುವ ಮನೆಗಳಲ್ಲಿ ಇನ್ನೊಂದು ತೊಂದರೆಯೂ ಇದೆ. ಅಲ್ಲಿ ಹೆಚ್ಚಿನವರು ಎಲೆ ಕಲಸುವುದು ಕೈಯಲ್ಲೇ ಗೊಂಚಲು ಗೊಂಚಲಾಗಿ ಎಳೆದು ಬೀಳಿಸುತ್ತ. ‘ನೀವೇ ಕಲಸಿ’ ಎಂದು ಅವರ ಕೈಗೆ ಕಟ್ಟು ಕೊಟ್ಟರೆ ಗಿಲ್‌ಬ್ರೆತ್ ಸೂತ್ರ ಅಲ್ಲೇ ಮುರಿದುಬೀಳುತ್ತದೆ. ಪುಸ್ತಕ ತಾನಾಗಿ ನಡೆಯುತ್ತದೆ ಎಂದದ್ದು ನಡೆಯುವುದು ಪರಪರನೆ ಕಲಸುವ ನಾಡಿನಲ್ಲಿ.

ಜಿಮ್ ಸ್ಟೈನ್‌ಮೇಯರ್ ಅವರ ಒಂಬತ್ತು ಎಲೆಯ ಜಾದೂ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಆರಿಸಿದ ಎಲೆ ಮೇಲಿನಿಂದ ಮೂರನೆಯದಾಗಿರುತ್ತದೆ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಎಲೆಯಂತೆ ಇಳಿಸುತ್ತ, ಪ್ರತಿ ಪದ ಮುಗಿದಾಗ ಉಳಿದವನ್ನು ಮೇಲೆ ಹಾಕುತ್ತ ಹೋದರೆ ಎಲೆ ಸರಿಯಾಗಿ ಐದನೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಎಲೆ ಯಾವುದೇ ಆಗಲಿ. ಇದು ಆಕಸ್ಮಿಕವಲ್ಲ. ಇಂಗ್ಲಿಷಿನಲ್ಲಿ ಎಲೆಗಳ ಅಂಕಿಗೆ ಕಡಿಮೆಯೆಂದರೆ ಮೂರು ಅಕ್ಷರ, ಜಾತಿಗೆ (ಹಾರ್ಟ್ಸ್, ಕ್ಲಬ್ಸ್ ಇತ್ಯಾದಿ) ಕಡಿಮೆಯೆಂದರೆ ಐದು, ಇಡೀ ಆಟ ನಿಂತಿರುವುದು ಅದರ ಮೇಲೆ. ಕನ್ನಡದಲ್ಲಿ ಹೇಳಿಸಿ ನೋಡಿ: ಎರಡು, ಒಂಬತ್ತು, ಗುಲಾಮ ಈ ಮೂರನ್ನು ಬಿಟ್ಟರೆ ಎಕ್ಕದಿಂದ ರಾಜನವರೆಗೆ ಉಳಿದ ಹತ್ತಕ್ಕೂ ಎರಡೇ ಅಕ್ಷರ. ಎರಡೇ ಎಲೆ ಇಳಿದರೆ ಮೂರನೆಯದು ಕಟ್ಟಿನ ತಲೆಗೆ ಬಂದು ಕೂರುತ್ತದೆ, ಅಲ್ಲಿಗೆ ಆಟ ಮುಗಿಯಿತು. ಹೆಸರಿನ ಬದಲು ಯಾವುದೋ ನಾಲ್ಕಕ್ಷರದ ಪದ ಹೇಳಿಸಿ ಸರಿಪಡಿಸಬಹುದು, ಆದರೆ ಆಗ ನೋಡುವವರು ಯಾವ ಎಲೆ ಆರಿಸಿದರೂ ಹೇಳುವ ಪದ ಅದೇ, ಜಾದೂವಿನ ಜೀವವೇ ಹೋಗುತ್ತದೆ. ತಾನಾಗಿ ನಡೆಯುವಂತೆ ಕಾಣುವುದರ ಹಿಂದೆ ಇಷ್ಟು ಹದ ಮಾಡಿದ ಒಬ್ಬನ ಕೆಲಸ ಇರುತ್ತದೆ.

ಹೊಸಬರಿಗೆ ಮೊದಲು ಬೇಕಾದ್ದು ಧೈರ್ಯ, ಒಂದು ಜಾದೂ ಕೈಕೊಡದೆ ನಡೆದರೆ ಅದೇ ಸಾಕು, ಉಳಿದದ್ದು ಆಮೇಲೆ ಎನ್ನುವ ವಾದ ಬಲವಾದದ್ದೇ. ಶಾಲೆಯ ಹುಡುಗನೊಬ್ಬ ಹನ್ನೊಂದನೆಯ ಎಲೆ ತಿರುಗಿಸಿ ಗೆದ್ದಾಗ ಅವನ ಮುಖ ಅರಳುವುದು ಸುಳ್ಳಲ್ಲ. ಆದರೆ ಆ ಧೈರ್ಯ ಯಾವುದರ ಮೇಲೆ ನಿಂತಿದೆ? ಕೈಕೊಡದು ಎಂಬ ಮಾತಿನ ಮೇಲೆ. ಆ ಮಾತು ಪೂರ್ತಿ ನಿಜವಲ್ಲ. ಎರಡು ಎಲೆ ಒಟ್ಟಿಗೆ ಅಂಟಿಕೊಂಡು ಬಂದರೆ ಎಣಿಕೆ ತಪ್ಪುತ್ತದೆ. ಎದುರಿನವರು ‘ಇನ್ನೊಂದ್ಸಲ ಕಲಸ್ತೀನಿ’ ಎಂದರೆ ಜೋಡಣೆ ಹೋಗುತ್ತದೆ. 72 ಜಾದೂ ಒಂದು ತೆಳು ಪುಸ್ತಕದಲ್ಲಿ ಹಿಡಿಸಬೇಕಾದರೆ ಒಂದೊಂದಕ್ಕೆ ಸಿಗುವುದು ಒಂದೆರಡು ಪುಟ, ಅದರಲ್ಲಿ ಎಲೆ ಎಲ್ಲಿಡಬೇಕೆಂಬುದು ಬಂದರೆ ಏನು ಹೇಳಬೇಕೆಂಬುದಕ್ಕೆ ಜಾಗ ಉಳಿಯುವುದಿಲ್ಲ. ಜೋಸೆಫ್ ಷ್ಮಿಟ್ ಬರೆದ ಚಿತ್ರಗಳು ಸ್ಪಷ್ಟವಾಗಿವೆ, ಓದಿ ತಪ್ಪು ಮಾಡುವುದು ಕಷ್ಟ. ಎದುರಿಗೆ ಮನುಷ್ಯರಿರುವಾಗ ತಪ್ಪು ಮಾಡುವುದು ಸುಲಭ. ಈ 72ರಲ್ಲಿ ಹತ್ತನ್ನೇ ಆರಿಸಿ, ಒಂದೊಂದಕ್ಕೆ ಏಳೆಂಟು ಪುಟ ಕೊಟ್ಟಿದ್ದರೆ ಪುಸ್ತಕ ಕಡಿಮೆ ಮಾರಾಟವಾಗುತ್ತಿತ್ತೇನೋ, ಆದರೆ ಹೆಚ್ಚು ಜಾದೂಗಾರರನ್ನು ಮಾಡುತ್ತಿತ್ತು. ಆ ಏಳೆಂಟು ಪುಟಗಳಲ್ಲಿ ಬರಬೇಕಾದ್ದು ಎಂಥದು ಎಂಬುದಕ್ಕೆ ಮತ್ತೆ ಜೆಮಿನಿ ಟ್ವಿನ್ಸ್ ಸಾಕು. ಮೊದಲ ಸುತ್ತಿನಲ್ಲಿ ನೋಡುವವರು ತೀರಾ ತಡವಾಗಿ ನಿಲ್ಲಿಸಿದರೆ ಮೊಗ ಮೇಲಾದ ರಾಜ ಕಟ್ಟಿನ ತಲೆಯ ಹತ್ತಿರವೇ ಉಳಿಯುತ್ತಾನೆ. ಎರಡನೇ ಸುತ್ತು ಅವನನ್ನು ದಾಟಿಬಿಟ್ಟರೆ ಅವನ ಜೋಡಿ ಮೇಲಿರುವ ಬದಲು ಕೆಳಗಿರುತ್ತದೆ, ಹೊಸಬರು ಅಲ್ಲಿ ತಡವರಿಸುತ್ತಾರೆ. ‘ಬೇಗ ನಿಲ್ಲಿಸಿ’ ಎನ್ನುವಂತಿಲ್ಲ, ಸ್ವಾತಂತ್ರ್ಯವೆಂಬ ಭ್ರಮೆ ಒಡೆಯುತ್ತದೆ. ಆದ್ದರಿಂದ ‘ಎಲ್ಲಿ ಬೇಕಾದರೂ ನಿಲ್ಲಿಸಿ’ ಎಂಬ ಮಾತನ್ನು ಮೊದಲೇ ಹೇಳದೆ, ಏಳೆಂಟು ಎಲೆ ಇಳಿದ ಮೇಲೆ, ಅವರು ತಲೆಯೆತ್ತಿ ನೋಡುವ ಹೊತ್ತಿಗೆ ಹೇಳಬೇಕು. ಹತ್ತು ಹದಿನೈದರೊಳಗೆ ಹೆಚ್ಚಿನವರ ಕೈ ನಿಲ್ಲುತ್ತದೆ.