ಹಸಿಶುಂಠಿಯ ಚಹಾ

ಹಳೆಯ ವಿಮಾನನಿಲ್ದಾಣದ ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಮಾರತ್ತಹಳ್ಳಿಯಲ್ಲಿ ಚಹಾದಂಗಡಿಗಳಿಗೆ ಕೊರತೆಯಿಲ್ಲ; ಆದರೂ ಆಷಾಢದ ಗಾಳಿ ಬೀಸುವ ಸಂಜೆ ಮನೆಯ ಒಲೆಯ ಮೇಲೆ ಸಾವಧಾನದಿಂದ ಸಿದ್ಧವಾದ ಶುಂಠಿಯ ಚಹಕ್ಕೆ ಸಮಾನವಾದುದು ಅಲ್ಲಿ ದೊರೆಯದೆಂಬುದು ನನ್ನ ದೃಢವಾದ, ಪ್ರಾಯಶಃ ಪಕ್ಷಪಾತದಿಂದ ಕೂಡಿದ, ಅಭಿಪ್ರಾಯ.

ಹಾಸನ, ಕೊಡಗು, ಶಿವಮೊಗ್ಗಗಳ ಹೊಲಗಳಲ್ಲಿ ಬೆಳೆಯುವ ಶುಂಠಿಯಲ್ಲಿ ಎಳೆಯದು ರಸವತ್ತಾದುದು, ಬಲಿತದ್ದು ನಾರುಳ್ಳದ್ದಾದರೂ ಖಾರದಲ್ಲಿ ಮಿಗಿಲಾದುದು. ಚಹಕ್ಕೆ ಬಲಿತದ್ದೇ ಯೋಗ್ಯ. ಅದನ್ನು ತುರಿಯುವುದಕ್ಕಿಂತ ಕುಟ್ಟಾಣಿಯಲ್ಲಿ ಜಜ್ಜುವುದು ಲೇಸು. ತುರಿ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಂಡು ಕಾಡುತ್ತದೆ.

ಈ ಕಲೆಯ ಮರ್ಮವೆಲ್ಲ ಕ್ರಮದಲ್ಲಿದೆ. ಹಸಿಶುಂಠಿಯಲ್ಲಿ ಪ್ರೋಟೀನನ್ನು ಛೇದಿಸುವ ಕಿಣ್ವವೊಂದಿರುವುದರಿಂದ, ಜಜ್ಜಿದ ಶುಂಠಿಯನ್ನು ಬೆಚ್ಚಗಿನ ಹಾಲಿಗೆ ನೇರವಾಗಿ ಹಾಕಿದರೆ ಹಾಲು ಒಡೆಯುವ ಸಂಭವವುಂಟು; ದಕ್ಷಿಣ ಚೀನದ ಜನರು ಇದೇ ಗುಣವನ್ನು ಬಳಸಿಕೊಂಡು ಶುಂಠಿಯ ರಸದಿಂದ ಹಾಲನ್ನು ಗಟ್ಟಿಗೊಳಿಸಿ ಸಿಹಿತಿನಿಸನ್ನೇ ಮಾಡುತ್ತಾರೆ. ಆದುದರಿಂದ ಮೊದಲು ನೀರಿನಲ್ಲಿ ಶುಂಠಿಯು ನಾಲ್ಕೈದು ನಿಮಿಷ ಕುದಿಯಬೇಕು. ಆ ಕುದಿತದಲ್ಲಿ ಕಿಣ್ವವು ನಿಷ್ಕ್ರಿಯವಾಗಿ, ಶುಂಠಿಯ ಖಾರಕ್ಕೆ ಮೂಲವಾದ ಜಿಂಜರಾಲ್ ನೀರಿಗಿಳಿಯುತ್ತದೆ. ಬಳಿಕ ಚಹಾಪುಡಿ, ಸಕ್ಕರೆ, ಕಟ್ಟಕಡೆಗೆ ಹಾಲು. ಒಣಗಿದಾಗ ಜಿಂಜರಾಲಿನ ಒಂದಂಶವು ಇನ್ನೂ ತೀಕ್ಷ್ಣವಾದ ಶೋಗಾಲ್ ಆಗಿ ಪರಿಣಮಿಸುವುದರಿಂದ ಒಣಶುಂಠಿಯು ಕಷಾಯಕ್ಕೆ ತಕ್ಕುದು. ಆದರೆ ನಿಂಬೆಯನ್ನು ನೆನಪಿಸುವ ಆ ಹಸಿಯ ಪರಿಮಳ ಅದರಲ್ಲಿಲ್ಲ. ಏಲಕ್ಕಿಯನ್ನೂ ಸೇರಿಸುವವರುಂಟು, ಅವರೊಡನೆ ನನಗೆ ಜಗಳವಿಲ್ಲ, ಸಹಮತವೂ ಇಲ್ಲ.