ಸುಕ್ಕಿಲ್ಲದ ಸೀರೆ, ಕಾರಣವಿಲ್ಲದ ನಿಯಮ

ಪ್ರವಾಸ ಹೊರಡುವ ಹೆಂಗಸರಿಗೆ ಬುದ್ಧಿ ಹೇಳುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಸೀರೆ ಹೇಗೆ ಮಡಚಬೇಕು, ಒಡವೆ ಎಲ್ಲಿ ಇಡಬೇಕು, ವಾಂತಿ ಬರದಂತೆ ಏನು ಚಪ್ಪರಿಸಬೇಕು, ಎಲ್ಲವೂ ಪುರವಣಿಯ ಒಂದು ಮೂಲೆಯಲ್ಲಿ ಚೌಕಟ್ಟು ಕಟ್ಟಿಕೊಂಡು ಬರುತ್ತದೆ. ಇವನ್ನು ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲ. ವಿಮರ್ಶಕರಂತೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಕಾದಂಬರಿಯ ಮಾತು ನಂಬಿ ನಾವು ಪೆಟ್ಟಿಗೆ ಕಟ್ಟುವುದಿಲ್ಲ, ಇವುಗಳ ಮಾತು ನಂಬಿ ಕಟ್ಟುತ್ತೇವೆ. ಆದ್ದರಿಂದ ಇವುಗಳನ್ನೂ ಒಮ್ಮೆ ಒರೆಗೆ ಹಚ್ಚಿ ನೋಡಬೇಕು ಎಂಬುದು ನನ್ನ ಎಣಿಕೆ. ಈ ಎಣಿಕೆ ಹುಟ್ಟಿದ್ದು ಒಂದು ಇಸ್ತ್ರಿಪೆಟ್ಟಿಗೆಯಿಂದ.

2023ರ ಡಿಸೆಂಬರಿನಲ್ಲಿ ನನ್ನ ತಂಗಿಯ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಆ ಸಡಗರಕ್ಕೆ ಅವಳ ಮಗ ನಮ್ಮನ್ನೆಲ್ಲ ಮುಂಬಯಿಯಿಂದ ಗೋವೆಯ ಕಡೆಗೆ ಹೋಗುವ ಪ್ರವಾಸಿ ಹಡಗು ಹತ್ತಿಸಿದ. ಕುಡತಿನಿಯ ಬಿಸಿಲಲ್ಲಿ ಬೆಳೆದ ನಮಗೆ ನೀರು ಎಂದರೆ ತುಂಗಭದ್ರೆಯ ಕಾಲುವೆ, ದೋಣಿ ಎಂದರೆ ಹಂಪಿಯ ಹರಿಗೋಲು. ಹಡಗಿನಲ್ಲಿ ಒಂದು ಸಂಜೆ ಎಲ್ಲರೂ ಚೆನ್ನಾಗಿ ಉಟ್ಟುಕೊಂಡು ಊಟಕ್ಕೆ ಬರಬೇಕಂತೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಅಷ್ಟು ಸಾಕಾಯಿತು. ಮೂರು ರಾತ್ರಿಯ ಪ್ರಯಾಣಕ್ಕೆ ಐದು ಸೀರೆ ಇಟ್ಟುಕೊಂಡೆ. ಅದರಲ್ಲಿ ಎರಡು ಗಂಜಿ ಹಾಕಿದ ನೂಲಿನವು. ನನ್ನ ಹಳೆಯ ನೋಟ್‌ಪುಸ್ತಕದಲ್ಲಿ ಅಂಟಿಸಿಟ್ಟಿದ್ದ ಒಂದು ಪುರವಣಿಯ ತುಣುಕು, ಪುಟ್ಟ ಇಸ್ತ್ರಿಪೆಟ್ಟಿಗೆಯೊಂದನ್ನು ಸೂಟ್‌ಕೇಸಿನ ಮೂಲೆಯಲ್ಲಿ ಇಟ್ಟುಕೊಂಡರೆ ಎಲ್ಲಿ ಹೋದರೂ ಚಿಂತೆಯಿಲ್ಲ ಎಂದು ಹೇಳಿತ್ತು. ಬಳ್ಳಾರಿಯ ಅಂಗಡಿಯಲ್ಲಿ ಹುಡುಕಿ ಒಂದನ್ನು ಕೊಂಡೆ. ಗುಂತಕಲ್ಲಿಗೆ ಹೋಗಿ ಮುಂಬಯಿ ರೈಲು ಹಿಡಿದೆವು.

ಬಂದರಿನಲ್ಲಿ ಸಾಮಾನು ತಪಾಸಣೆಯಾಗುವಾಗ ನನ್ನ ಸೂಟ್‌ಕೇಸನ್ನು ಪಕ್ಕಕ್ಕೆ ಎಳೆದರು. ಇಸ್ತ್ರಿಪೆಟ್ಟಿಗೆಯನ್ನು ತೆಗೆದು, ಒಂದು ಚೀಟಿ ಕಟ್ಟಿ, ಇಳಿಯುವಾಗ ಪಡೆಯಿರಿ ಎಂದರು. ಯಾಕೆ ಎಂದು ಕೇಳಿದೆ. “ನಾಟ್ ಅಲೋಡ್ ಮೇಡಂ.” ಮತ್ತೊಮ್ಮೆ ಕೇಳಿದೆ. “ರೂಲ್ಸ್ ಮೇಡಂ.” ಸಾಲಿನಲ್ಲಿ ಹಿಂದಿದ್ದವರು ನೋಡುತ್ತಿದ್ದರು. ನಾನು ಏನೋ ಕದ್ದು ತಂದವಳ ಹಾಗೆ ಮುಖ ಕೆಳಗೆ ಹಾಕಿ ನಿಂತೆ. ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು ದೇವರಿಗೆಂದು ತಂದ ಊದುಬತ್ತಿಯ ಕಟ್ಟನ್ನೂ, ಚಹಾ ಕಾಯಿಸುವ ಕೆಟಲನ್ನೂ ಒಪ್ಪಿಸಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು.

ಕೋಣೆಗೆ ಹೋಗಿ, ಟಿಕೆಟ್ಟಿನ ಜೊತೆ ಬಂದಿದ್ದ ಕಾಗದಗಳನ್ನು ಬಿಡಿಸಿ ನೋಡಿದೆ. ನಿಯಮ ಅಲ್ಲಿತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಚಾಕು, ಮದ್ದುಗುಂಡುಗಳ ಪಟ್ಟಿಯ ನಡುವೆ ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಹಬೆ ಹಿಡಿಯುವ ಯಂತ್ರ, ಮೇಣದ ಬತ್ತಿ, ಊದುಬತ್ತಿ, ನೀರು ಕಾಯಿಸುವ ಕಾಯಿಲ್. ಏಕೆ ಎಂಬುದಕ್ಕೆ ಒಂದು ಅಕ್ಷರವೂ ಇಲ್ಲ. ಪುರವಣಿಯ ತುಣುಕನ್ನೂ ತೆಗೆದು ಅದರ ಪಕ್ಕ ಇಟ್ಟೆ. ಒಂದರಲ್ಲಿ ಸಲಹೆಯಿತ್ತು, ನಿಯಮವಿರಲಿಲ್ಲ. ಇನ್ನೊಂದರಲ್ಲಿ ನಿಯಮವಿತ್ತು, ಕಾರಣವಿರಲಿಲ್ಲ. ಎರಡನ್ನೂ ಬರೆದವರು ಓದುವವಳ ತಲೆಯಲ್ಲಿ ಯೋಚನೆ ಎಂಬುದೊಂದು ಇದೆ ಎಂದು ನಂಬಿದಂತೆ ಕಾಣಲಿಲ್ಲ. ಒಬ್ಬರಿಗೆ ನಾನು ಚೆನ್ನಾಗಿ ಕಂಡರೆ ಸಾಕು, ಇನ್ನೊಬ್ಬರಿಗೆ ತೆಪ್ಪಗಿದ್ದರೆ ಸಾಕು.

ಕಾರಣವನ್ನು ಹೇಳುವುದು ಅಷ್ಟು ಕಷ್ಟವೂ ಅಲ್ಲ. ಊರಿನಲ್ಲಿ ಬೆಂಕಿ ಬಿದ್ದರೆ ನಾವು ಬೀದಿಗೆ ಓಡುತ್ತೇವೆ, ಅಗ್ನಿಶಾಮಕ ದಳದ ಗಾಡಿ ಬರುತ್ತದೆ. ನಡುಸಮುದ್ರದಲ್ಲಿ ಓಡಲು ಬೀದಿ ಇಲ್ಲ, ಗಾಡಿ ಬರುವುದಿಲ್ಲ. ಹಡಗಿನ ನೌಕರರೇ ನಂದಿಸಬೇಕು. ಕೋಣೆಗಳು ಕಿರಿದು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೊಗೆ ಓಣಿಯ ತುಂಬ ಹರಡಲು ಹೊತ್ತು ಬೇಕಿಲ್ಲ. 2006ರ ಮಾರ್ಚ್ 23ರಂದು ಜಮೈಕಾ ದ್ವೀಪದ ಕಡೆಗೆ ಹೋಗುತ್ತಿದ್ದ ‘ಸ್ಟಾರ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿತು. ಯಾರೋ ಸೇದಿ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ, ಅಂತಸ್ತಿನಿಂದ ಅಂತಸ್ತಿಗೆ ಹಾರಿತು. ಹೊಗೆಗೆ ಸಿಕ್ಕಿ ಒಬ್ಬ ಪ್ರಯಾಣಿಕರು ಸತ್ತರು. ಒಂದು ಸಿಗರೇಟಿನ ತುಂಡು ಇಷ್ಟು ಮಾಡಬಲ್ಲುದಾದರೆ, ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆಯ ಮೇಲಿಟ್ಟು ಊಟದ ಗಂಟೆ ಬಾರಿಸಿತೆಂದು ಓಡುವವರು ಕೋಣೆಗೊಬ್ಬರಿದ್ದರೆ ಗತಿಯೇನು? ಇಷ್ಟನ್ನು ಎರಡು ಸಾಲಿನಲ್ಲಿ ಹೇಳಿದ್ದರೆ ನಾನು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ.

ಹೀಗೆ ಓಡುವವರು ಎಂದೆನಲ್ಲ, ಅವರಲ್ಲಿ ನಾನೇ ಮೊದಲಿಗಳು. 2012ರ ಬೇಸಿಗೆಯ ಮಾತು. 1700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಈಗ ನಮ್ಮೂರ ಮಗ್ಗುಲಲ್ಲೇ ಇದೆ. ಆಗಲೂ ಅದರ ಚಿಮಣಿ ಹೊಗೆಯಾಡುತ್ತಿತ್ತು. ಆದರೂ ದೀಪದ ಬುಡದಲ್ಲಿ ಕತ್ತಲೆ. ಒಂದು ದಿನ ಬೆಳಿಗ್ಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಕರೆಂಟು ಹೋಯಿತು. ಪೆಟ್ಟಿಗೆಯನ್ನು ಮಂಚದ ಮೇಲಿನ ಜಮಖಾನದ ಮೇಲೇ ಬಿಟ್ಟು, ಸ್ವಿಚ್ಚು ಆರಿಸುವುದನ್ನು ಮರೆತು ಶಾಲೆಗೆ ಹೋದೆ. ಹನ್ನೊಂದರ ಸುಮಾರಿಗೆ ಕರೆಂಟು ಬಂತು. ಒಳಕೋಣೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆಯವರು ಇದ್ದರು. ಏಳಲಾರರು, ಕೂಗಿದರೆ ಬೀದಿಗೆ ಕೇಳದು. ಮಜ್ಜಿಗೆ ಕೊಡಲು ಬಂದ ನೆರೆಮನೆಯಾಕೆಗೆ ಸೀದ ವಾಸನೆ ಬಡಿದು, ಕದ ತಳ್ಳಿ ಒಳಗೆ ನುಗ್ಗಿದ್ದರಿಂದ ಉಳಿದೆವು. ಜಮಖಾನ ಸುಟ್ಟು, ಗಾದಿಯ ಹತ್ತಿ ಒಳಗೊಳಗೇ ಕನಲುತ್ತಿತ್ತಂತೆ. ಸಂಜೆ ನಾನು ಅತ್ತೆಯವರ ಕಾಲು ಹಿಡಿದು ಅತ್ತೆ. ಅವರು ಬಯ್ಯಲಿಲ್ಲ. “ಸೀರಿ ಮುದುಡಿದ್ರ ಸಾಲಿಗೆ ಬೀಗ ಹಾಕ್ತಾರೇನವ್ವಾ?” ಎಂದರು. ಅಷ್ಟೇ.

ಇಷ್ಟಾದ ಮೇಲೂ ಹಡಗಿಗೆ ಇಸ್ತ್ರಿಪೆಟ್ಟಿಗೆ ಕೊಂಡೊಯ್ದೆನಲ್ಲ! ಗಾದಿ ಸುಟ್ಟಿದ್ದನ್ನು ನನ್ನ ಮರೆವಿನ ಖಾತೆಗೆ ಬರೆದುಕೊಂಡಿದ್ದೆನೇ ಹೊರತು, ಇಸ್ತ್ರಿಪೆಟ್ಟಿಗೆಯ ಸ್ವಭಾವದ ಖಾತೆಗೆ ಬರೆದುಕೊಂಡಿರಲಿಲ್ಲ. ಕಾರಣವನ್ನು ಯೋಚಿಸದ ಬುದ್ಧಿ ಒಂದು ಮನೆಯ ಪಾಠವನ್ನು ಇನ್ನೊಂದು ಮನೆಗೆ ಒಯ್ಯುವುದಿಲ್ಲ.

ಹಾಗಾದರೆ ಸುಕ್ಕಿಲ್ಲದೆ ಉಡುವುದು ಹೇಗೆ? ಒಳ್ಳೆಯ ಸಲಹೆಯೂ ಕಾರಣದಿಂದಲೇ ಹೊರಡಬೇಕು. ಹತ್ತಿಯ ಎಳೆ ತೇವ ಮತ್ತು ಶಾಖಕ್ಕೆ ಸಡಿಲಾಗುತ್ತದೆ, ಒಣಗಿ ತಣ್ಣಗಾಗುವಾಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ನಿಲ್ಲುತ್ತದೆ. ಸುಕ್ಕು ಬೀಳುವುದೂ ಹೀಗೆಯೇ, ಹೋಗುವುದೂ ಹೀಗೆಯೇ. ನಮ್ಮ ಬಳ್ಳಾರಿಯ ಒಣಗಾಳಿಯಲ್ಲಿ ಗಂಜಿ ಹಾಕಿದ ಸೀರೆ ಸಂಜೆಯವರೆಗೂ ಗರಿಗರಿಯಾಗಿರುತ್ತದೆ; ಸಮುದ್ರದ ಹಸಿಗಾಳಿಗೆ ಅದು ತಾಸಿನಲ್ಲಿ ಮೆತ್ತಗಾಗಿ ಸುಕ್ಕಿಗೆ ಮೈಯೊಡ್ಡುತ್ತದೆ. ಅಲ್ಲಿಗೆ ಗಂಜಿ ಬೇಡ. ಕ್ರೇಪು, ಜಾರ್ಜೆಟ್, ಪಾಲಿಯೆಸ್ಟರ್ ಬೆರೆತ ಸೀರೆಗಳು ಸುಲಭಕ್ಕೆ ಮುದುಡುವುದಿಲ್ಲ. ನೂಲಿನದೇ ಬೇಕೆಂದರೆ ಮಡಿಕೆಯ ನಡುವೆ ಹಳೆಯ ಮೆತ್ತನೆಯ ಪಂಚೆಯ ತುಂಡಿಟ್ಟು ಸುರುಳಿ ಸುತ್ತಿ. ಚೂಪಾದ ಮಡಿಕೆಯೇ ಇಲ್ಲದ ಮೇಲೆ ಗೆರೆ ಎಲ್ಲಿ ಬಿದ್ದೀತು? ಹಡಗು ಮುಟ್ಟಿದ ಕೂಡಲೇ ತೆಗೆದು ತೂಗುಹಾಕಿ. ಸ್ನಾನದ ಕೋಣೆಯ ಬಿಸಿನೀರಿನ ಹಬೆಗೆ ಸ್ವಲ್ಪ ಹೊತ್ತು ಬಿಟ್ಟು, ಒದ್ದೆಗೈಯಿಂದ ಸವರಿ ಎಳೆದರೆ ಅರ್ಧ ಸುಕ್ಕು ಇಳಿಯುತ್ತದೆ. ಹಡಗಿನ ಕೋಣೆಯ ಗೋಡೆ ಸಾಮಾನ್ಯವಾಗಿ ಲೋಹದ್ದು. ಅಯಸ್ಕಾಂತದ ಕೊಕ್ಕೆ ಅಂಟಿಸಿ ತೂಗುಹಾಕಬಹುದು. ಚಾವಣಿಯಲ್ಲಿ ಬೆಂಕಿಗೆ ನೀರು ಚಿಮ್ಮಿಸುವ ಪುಟ್ಟ ನಳಿಕೆಯಿರುತ್ತದೆ, ಅದಕ್ಕೆ ಮಾತ್ರ ಹ್ಯಾಂಗರ್ ಸಿಕ್ಕಿಸಬಾರದು. ಅದರ ಗಾಜಿನ ಗುಂಡು ಒಡೆದರೆ ಕೋಣೆಯೆಲ್ಲ ನೀರು. ಇಷ್ಟರಲ್ಲೂ ಆಗದಿದ್ದರೆ ಹಡಗಿನ ಲಾಂಡ್ರಿಯಲ್ಲಿ ದುಡ್ಡು ಕೊಟ್ಟು ಇಸ್ತ್ರಿ ಮಾಡಿಸಬಹುದು. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಇಸ್ತ್ರಿ ಹಾಕಿಕೊಳ್ಳಲು ಬೇರೆ ಕೋಣೆಯೂ ಇರುತ್ತದೆ.

ಸಲಹೆಯ ಬರಹಗಳ ಇನ್ನೊಂದು ಕೊರತೆ ನನಗೆ ತಿಳಿದದ್ದು ಹಡಗು ಹೊರಡುವ ಮುನ್ನ ನಡೆಯುವ ಸುರಕ್ಷತೆಯ ಕವಾಯತಿನಲ್ಲಿ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೀಟಿ ಕೇಳಿದರೆ ಅಪಾಯವೆಂದು ತಿಳಿದು, ನಮ್ಮ ಕಾರ್ಡಿನ ಮೇಲೆ ಬರೆದ ಜಾಗಕ್ಕೆ ಹೋಗಿ ಸೇರಬೇಕು. ಲಿಫ್ಟು ಹತ್ತಬಾರದು. ಬಹಳ ಮಂದಿ ಇದನ್ನು ಶಾಲೆಯ ಡ್ರಿಲ್ಲಿನಂತೆ ಕಂಡು ನಗುತ್ತಿದ್ದರು. 2012ರ ಜನವರಿ 13ರ ರಾತ್ರಿ ಇಟಲಿಯ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿ 32 ಜನ ಸತ್ತರು. ಅಂದು ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಈ ಕವಾಯತು ಇನ್ನೂ ಆಗಿರಲಿಲ್ಲ. ಹತ್ತಿದ ಇಪ್ಪತ್ನಾಲ್ಕು ತಾಸಿನೊಳಗೆ ಮಾಡಿದರೆ ಸಾಕೆಂದು ಆಗ ನಿಯಮವಿತ್ತು. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕೆಂದು 2015ರ ಜನವರಿಯಿಂದ ಅಂತಾರಾಷ್ಟ್ರೀಯ ನಿಯಮವಾಯಿತು.

ನಮ್ಮ ಕವಾಯತಿನಲ್ಲಿ ಜಾಕೀಟು ತೊಡುವುದನ್ನು ತೋರಿಸಿದ ಹುಡುಗ ಪ್ಯಾಂಟು ಹಾಕಿದ್ದ. ಗಂಜಿಯ ಸೀರೆ ಉಟ್ಟ ನಾನೂ ಒಂದನ್ನು ಕೇಳಿ ತೊಟ್ಟು ನೋಡಿದೆ. ಸೆರಗು ಪಟ್ಟಿಯೊಳಗೆ ಸಿಕ್ಕಿಕೊಂಡಿತು, ನೆರಿಗೆ ಮೆಟ್ಟಿಲಲ್ಲಿ ತೊಡರಿತು. ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಇಳಿಯುವ ಹೆಂಗಸರು ಮಾಡುವಂತೆ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಮೇಲೆತ್ತಿ ಕಟ್ಟಿದ ಮೇಲೆಯೇ ಕಾಲು ಆಡಿದ್ದು. ಸೀರೆ ಉಟ್ಟವಳು ಅಪಾಯದಲ್ಲಿ ಹೇಗೆ ನಡೆಯಬೇಕು ಎಂದು ಯಾವ ಪುರವಣಿಯ ಚೌಕಟ್ಟಿನಲ್ಲೂ ನಾನು ಓದಿದ್ದಿಲ್ಲ. ಸೀರೆ ಹೇಗೆ ಕಾಣಬೇಕು ಎಂಬುದನ್ನು ನೂರು ಸಲ ಓದಿದ್ದೇನೆ.

ಇದು ಉಳ್ಳವರ ಹಡಗಿನ ಮಾತು, ನಮಗೇಕೆ ಎನ್ನಬೇಡಿ. 2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ ಭಕ್ತರಿದ್ದ ದೋಣಿ ಮಗುಚಿ 16 ಜನ ನೀರುಪಾಲಾದರು. ಜಾತ್ರೆಗೆ ಹೊರಟವರು ಯಾರಾದರೂ ಹೊಸ ಬಟ್ಟೆಯನ್ನು ಮರೆಯುತ್ತಾರೆಯೇ? ದೋಣಿಯಲ್ಲಿ ಎಷ್ಟು ಜನ ಹಿಡಿಸುತ್ತಾರೆ, ಜಾಕೀಟು ಎಲ್ಲಿದೆ ಎಂದು ಕೇಳುವ ಅಭ್ಯಾಸವನ್ನು ಮಾತ್ರ ನಮಗೆ ಯಾರೂ ಕಲಿಸಿಲ್ಲ. ಕೇಳಿದವಳು ಗಟ್ಟಿ ಬಾಯಿಯವಳು ಎನಿಸಿಕೊಳ್ಳುತ್ತಾಳೆ.

ಆ ಊಟದ ಸಂಜೆ ನಾನು ತುಸು ಮುದುಡಿದ ನೂಲಿನ ಸೀರೆಯನ್ನೇ ಉಟ್ಟು ಹೋದೆ. ಯಾರೂ ನೋಡಲಿಲ್ಲ, ಎಲ್ಲರೂ ತಮ್ಮ ತಮ್ಮ ಬಟ್ಟೆಯನ್ನೇ ನೋಡಿಕೊಳ್ಳುತ್ತಿದ್ದರು. ಇಳಿಯುವಾಗ ಚೀಟಿ ಕೊಟ್ಟು ಇಸ್ತ್ರಿಪೆಟ್ಟಿಗೆ ಬಿಡಿಸಿಕೊಂಡೆ.

ಊರಿಗೆ ಬಂದ ಮೇಲೆ ಶಾಲೆಯಲ್ಲಿ ಬಿಸಿಯೂಟದ ಕೋಣೆಯ ಮುಂದೆ ನಿಂತಾಗ ಕಣ್ಣಿಗೆ ಬಿದ್ದದ್ದು ನಾನೇ ದುಂಡಗೆ ಬರೆಸಿದ ಫಲಕ: “ಒಳಗೆ ಬರಬಾರದು.” ಹಿಂದೊಮ್ಮೆ ಮೂರನೆಯ ತರಗತಿಯ ಹುಡುಗಿಯೊಬ್ಬಳು “ಯಾಕ್ರೀ ಟೀಚರ್?” ಎಂದು ಕೇಳಿದ್ದಳು. “ಹೇಳಿದಷ್ಟು ಕೇಳು” ಎಂದು ಗದರಿ ಕಳಿಸಿದ್ದೆ. ಬಂದರಿನಲ್ಲಿ “ರೂಲ್ಸ್ ಮೇಡಂ” ಎಂದವನಿಗೂ ನನಗೂ ಏನು ವ್ಯತ್ಯಾಸ? ಮರುದಿನ ಫಲಕವನ್ನು ಅಳಿಸಿ ಹೀಗೆ ಬರೆಸಿದೆ: “ಒಳಗೆ ಕುದಿಯುವ ಸಾರಿನ ಪಾತ್ರೆ ಇದೆ. ತಳ್ಳಾಟದಲ್ಲಿ ಮೈಮೇಲೆ ಬಿದ್ದರೆ ಸುಡುತ್ತದೆ. ಬಿಳಿ ಗೆರೆಯ ಈಚೆಗೆ ನಿಲ್ಲಿ.” ಆ ಹುಡುಗಿ ಈಗ ಐದನೆಯ ತರಗತಿಯಲ್ಲಿದ್ದಾಳೆ. ಸಣ್ಣ ಮಕ್ಕಳಿಗೆ ಅದನ್ನು ಓದಿ ಹೇಳುವವಳು ಅವಳೇ.